ಪಳ್ಳಿಕ್ಕಾಡಿನ ತರಗೆಲೆ: ಕಾಸರಗೋಡಿನ ಮಣ್ಣು, ಮದ್ದು ಮತ್ತು ಒಂದು ಕಾಡಿನ ಚರಿತ್ರೆ

ಎರಡು ವರ್ಷದ ಹಿಂದೆ ನಮ್ಮ ಜಮಾಅತಿನ ಸಭೆಯಲ್ಲಿ ಒಂದು ವಿಷಯ ಬಂತು. ಪಳ್ಳಿಯ ಹಿಂದಿನ ಖಬರ್‌ಸ್ಥಾನದಲ್ಲಿ ಕಾಡು ಬೆಳೆದಿದೆ, ಹಾವಿನ ಹೆದರಿಕೆ ಇದೆ, ಝಿಯಾರತ್‌ಗೆ ಬರುವವರಿಗೆ ಕಾಲಿಡಲು ಜಾಗವಿಲ್ಲ. ಆದ್ದರಿಂದ ಪೊದೆ, ಸಣ್ಣ ಮರ ಎಲ್ಲ ಕಡಿಸಿ, ಹುಲ್ಲಿಗೆ ಮದ್ದು ಹೊಡೆಸಿ, ಎದುರಿನ ಅರ್ಧ ಜಾಗಕ್ಕೆ ಇಂಟರ್‌ಲಾಕ್ ಹಾಕಿಸುವುದು. ಗಲ್ಫಿನಲ್ಲಿರುವ ಹುಡುಗರು ಹಣ ಕೊಡಲು ತಯಾರಿದ್ದರು. ವಿರೋಧ ಮಾಡುವವರು ಯಾರೂ ಇರಲಿಲ್ಲ. ನಾನೂ ಸುಮ್ಮನೆ ಕೂತಿದ್ದೆ.

ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಹಾಜಿಯವರು ಕೂತಲ್ಲಿಂದಲೇ ಕೇಳಿದರು: "ಮೇಲಿಂದ ಒಮ್ಮೆ ಮದ್ದು ಬಿದ್ದದ್ದು ಸಾಲದಾ? ಇನ್ನು ಕೆಳಗಿಂದ ನಾವೇ ಹೊಡೆಯಬೇಕಾ?"

ನಲವತ್ತು ದಾಟಿದವರೆಲ್ಲ ತಲೆ ತಗ್ಗಿಸಿದರು. ಇಪ್ಪತ್ತರ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಆ ಮಾತು ಅರ್ಥವಾಗಲಿಲ್ಲ. ಅವರಿಗಾಗಿ ಈ ಲೇಖನ.

ಪಾರೆ ಮತ್ತು ನೀರು

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ನದಿಗಳು ಇಲ್ಲೇ ಇವೆ. ಆದರೂ ಏಪ್ರಿಲ್ ಬಂತೆಂದರೆ ನಮ್ಮ ಊರುಗಳಲ್ಲಿ ಟ್ಯಾಂಕರ್ ಓಡಾಡುತ್ತದೆ. ಇದಕ್ಕೆ ಕಾರಣ ನಮ್ಮ ಕಾಲಡಿಯಲ್ಲೇ ಇದೆ.

ಗುಡ್ಡದ ಮೇಲೆ ಗಟ್ಟಿ ಮುರಕಲ್ಲಿನ ಪದರ. ಅದನ್ನೇ ನಾವು ಪಾರೆ ಎನ್ನುವುದು. ಅದರ ಕೆಳಗೆ ಸಂದು, ತೂತುಗಳಿರುವ ಮೆದು ಕಲ್ಲು. ಅದಕ್ಕೂ ಕೆಳಗೆ ಶೇಡಿ ಮಣ್ಣು. ಮಳೆ ನೀರು ಮೇಲಿನ ಗಟ್ಟಿ ಪದರ ದಾಟಿ ಒಳಗೆ ಇಳಿದರೆ ಮೆದು ಕಲ್ಲಿನಲ್ಲಿ ನಿಂತು ನಿಧಾನವಾಗಿ ಜಿನುಗುತ್ತದೆ. ಇಳಿಯದಿದ್ದರೆ ಅರ್ಧ ಗಂಟೆಯಲ್ಲಿ ತೋಡು ಸೇರಿ, ಸಂಜೆಯೊಳಗೆ ಸಮುದ್ರ ಸೇರುತ್ತದೆ. ಇಳಿಸುವವರು ಯಾರು? ಮರದ ಬೇರು, ಬಿದ್ದ ಎಲೆ, ಗೆದ್ದಲು, ಎರೆಹುಳ. ಇಷ್ಟೇ ಗುಟ್ಟು.

ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನರ ಪತನದ ಮರುವರ್ಷ ಕಂಪನಿ ಸರ್ಕಾರ ಅವನನ್ನು ಮೈಸೂರು, ಮಲಬಾರು, ಕೆನರಾ ಸೀಮೆಗಳ ಸಮೀಕ್ಷೆಗೆ ಕಳಿಸಿತು. 1800 ಮತ್ತು 1801ರಲ್ಲಿ ಅವನು ಈ ದಾರಿಯಲ್ಲೆಲ್ಲ ಓಡಾಡಿದ. 1807ರಲ್ಲಿ ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ನೆಲದೊಳಗಿದ್ದಾಗ ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕಡಿಯಬಹುದು, ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂಬುದನ್ನು ಗಮನಿಸಿ, ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಆ ಹೆಸರು ಮಾಡಿದ. ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರದಲ್ಲಿ ಅದರ ನೆನಪಿಗೆ ಸ್ಮಾರಕವೂ ಇದೆ. ನಮ್ಮ ಕಲ್ಲು ಕಡಿಯುವವರಿಗೆ ಇದು ಅದಕ್ಕೂ ಎಷ್ಟೋ ಮೊದಲು ಗೊತ್ತಿದ್ದ ವಿಷಯ.

ಅದಕ್ಕಿಂತ ದೊಡ್ಡ ವಿದ್ಯೆ ಸುರಂಗ. ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಅಗೆಯುವಷ್ಟು ಅಗಲದ ಗುಹೆ ತೋಡಿ, ಕಲ್ಲಿನ ಸಂದಿನ ನೀರನ್ನು ಅಂಗಳದ ಕೆರೆಗೆ ತರುವುದು. ಒಳಗೆ ಹೋಗುವವನ ಕೈಯಲ್ಲಿ ಮೇಣದ ಬತ್ತಿ. ಬತ್ತಿ ಆರಿತೆಂದರೆ ಉಸಿರಾಟಕ್ಕೆ ಗಾಳಿ ಸಾಲದೆಂದು ಹೊರಗೆ ಬರುವುದು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಪಂಪು ಮೋಟಾರುಗಳ ನಡುವೆ ಕೆಲಸ ಮಾಡುವವನು. ಮೋಟಾರಿಲ್ಲ, ಕರೆಂಟಿಲ್ಲ, ವಾಲ್ವ್ ಇಲ್ಲ, ಇಳಿಜಾರಿನ ಬಲದಿಂದಲೇ ವರ್ಷವಿಡೀ ಮನೆ ಬಾಗಿಲಿಗೆ ನೀರು ಬರುವ ಇಂಥ ವ್ಯವಸ್ಥೆಯನ್ನು ಬೇರೆಲ್ಲೂ ನೋಡಿಲ್ಲ. ಗಡಿಯ ಆಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಒಂದರ ಮೇಲೊಂದು ಸುರಂಗ ತೋಡಿ, ಒಣ ಸುರಂಗಗಳಿಗೆ ಎದೆಗುಂದದೆ ಕೊನೆಗೆ ನೀರು ತಂದು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಪತ್ರಿಕೆಗಳಲ್ಲಿ ನೀವು ಓದಿರಬಹುದು.

ಆದರೆ ಸುರಂಗಕ್ಕೆ ಒಂದು ಷರತ್ತಿದೆ. ಅದು ಗುಡ್ಡ ಕುಡಿದದ್ದನ್ನೇ ಮನೆಗೆ ತರುತ್ತದೆ. ಗುಡ್ಡ ಏನು ಕುಡಿದರೂ.

ಹೆಲಿಕಾಪ್ಟರಿನ ವರ್ಷಗಳು

ಗೇರು ನಮ್ಮ ಮರವಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದದ್ದು. ಆದರೂ ಪಾರೆಯ ಸಂದಿನಲ್ಲಿ ನೀರು ಕೇಳದೆ ಬೆಳೆಯುವ ಮರವಾದ್ದರಿಂದ ನಮ್ಮದೇ ಆಗಿಹೋಯಿತು. ಈಗಿನ ಕಾಸರಗೋಡು ಜಿಲ್ಲೆಯ ಗುಡ್ಡಗಳ ಮೇಲೆ ಸಾವಿರಾರು ಎಕರೆ ಸರ್ಕಾರಿ ಗೇರು ತೋಟ ಎದ್ದಿತು. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಅದನ್ನು ನಡೆಸುತ್ತಿತ್ತು. ಗೇರಿನ ಚಿಗುರಿಗೂ ಹೂವಿಗೂ ಟೀ ಸೊಳ್ಳೆ ಎಂಬ ಕೀಟ ಕೂತು ರಸ ಹೀರುತ್ತದೆ. ಅದಕ್ಕೆ ಔಷಧ ಎಂದು 1970ರ ದಶಕದ ಕೊನೆಯ ಹೊತ್ತಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಣೆ ಶುರುವಾಯಿತು. ಅದು 2000ದವರೆಗೆ, ಅಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು.

ನನಗೂ ಆ ಹೆಲಿಕಾಪ್ಟರ್ ನೆನಪಿದೆ. ಮೂರನೇ ಕ್ಲಾಸಿನಲ್ಲಿದ್ದಾಗ ಸದ್ದು ಕೇಳಿದ ಕೂಡಲೇ ನಾವೆಲ್ಲ ಹೊರಗೆ ಓಡಿ ಕೈ ಬೀಸುತ್ತಿದ್ದೆವು. ನಮಗೆ ಅದು ಪೆರ್ನಾಳಿನಷ್ಟೇ ಸಂಭ್ರಮ. ಉಮ್ಮ ಬಾವಿಗೆ ಮಡಲು ಮುಚ್ಚಿ, ಅದರ ಮೇಲೆ ಹಳೆಯ ಸೀರೆ ಹಾಸುತ್ತಿದ್ದರು. ಆದರೆ ತೋಡಿಗೆ ಏನು ಮುಚ್ಚುವುದು? ಸುರಂಗಕ್ಕೆ ಏನು ಮುಚ್ಚುವುದು? ತೋಟ ಇದ್ದದ್ದು ಗುಡ್ಡದ ಮೇಲೆ, ಮನೆಗಳು ಕೆಳಗೆ. ಮೇಲೆ ಬಿದ್ದದ್ದು ಮಳೆಗೆ ಕರಗಿ, ಮಣ್ಣಿಗೆ ಅಂಟಿ, ಮೆಲ್ಲಗೆ ಕೆಳಗಿಳಿಯಿತು. ನಮ್ಮ ಹಿರಿಯರು ನೀರಿಗಾಗಿ ಕಟ್ಟಿದ ದಾರಿಯಲ್ಲೇ ವಿಷವೂ ಬಂತು.

ಮನುಷ್ಯರಿಗಿಂತ ಮೊದಲು ತಿಳಿದದ್ದು ಪ್ರಾಣಿಗಳಿಗೆ. ಎಂಡೋಸಲ್ಫಾನ್ ಮೀನಿಗೆ ಅತ್ಯಂತ ಮಾರಕ. ತೋಡಿನಲ್ಲಿ ಮೀನು, ಕಪ್ಪೆ ಸತ್ತು ತೇಲಿದ್ದು, ಜೇನು ಪೆಟ್ಟಿಗೆಗಳು ಖಾಲಿಯಾದದ್ದು ಹಳ್ಳಿಯವರ ಮೊದಲ ದೂರುಗಳಲ್ಲಿದ್ದವು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟಿದ್ದನ್ನು ಪತ್ರಕರ್ತ ಶ್ರೀಪಡ್ರೆಯವರು ಆರಂಭದಲ್ಲೇ ಬರೆದರು. ಕೇಳುವವರು ಇರಲಿಲ್ಲ. ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಒಂದೇ ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಹೇಗೆ ಎಂದು ಕೇಳತೊಡಗಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾ ಮಕ್ಕಳ ರಕ್ತ ಪರೀಕ್ಷಿಸಿದಾಗ, ಸಿಂಪಡಣೆ ಇಲ್ಲದ ಊರಿನ ಮಕ್ಕಳಿಗಿಂತ ಹೆಚ್ಚು ಎಂಡೋಸಲ್ಫಾನ್ ಅದರಲ್ಲಿ ಸಿಕ್ಕಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಗತ್ತಿನಾದ್ಯಂತ ಅದನ್ನು ನಿಲ್ಲಿಸಲು ತೀರ್ಮಾನಿಸಿದವು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟು ಕೇರಳ ಸರ್ಕಾರಕ್ಕೆ ಆದೇಶಿಸಿತು. ಅದಾದ ಮೇಲೂ ತಾಯಂದಿರು ಹಾಸಿಗೆ ಬಿಟ್ಟು ಏಳದ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದವರೆಗೆ ಹೋಗಿ ಧರಣಿ ಕೂರಬೇಕಾಯಿತು.

ಇದರಲ್ಲಿ ನಮ್ಮ ಪಾಲೂ ಇದೆ ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಉಪ್ಪನದ್ದು ಸಣ್ಣ ದಿನಸಿ ಅಂಗಡಿ. ಮಾರ್ಚ್, ಏಪ್ರಿಲಿನಲ್ಲಿ ಮಕ್ಕಳು, ಹೆಂಗಸರು ಬಿದ್ದ ಗೇರುಬೀಜ ಹೆಕ್ಕಿ ತಂದು ಮಾರುತ್ತಿದ್ದರು. ಆ ಬೀಜ ನಮ್ಮ ತಕ್ಕಡಿಯಲ್ಲೇ ತೂಗಿ ಪೇಟೆಗೆ ಹೋಗುತ್ತಿತ್ತು. ನನ್ನ ಶಾಲೆಯ ಫೀಸು, ಪೆರ್ನಾಳಿನ ಬಟ್ಟೆ ಅದರಿಂದ ಬಂತು. ಟೀ ಸೊಳ್ಳೆ ಹೋದರೆ ಬೀಜ ಹೆಚ್ಚು, ಬೀಜ ಹೆಚ್ಚಾದರೆ ವ್ಯಾಪಾರ ಹೆಚ್ಚು. ವಿಷ ಎಂದು ಯಾರೂ ಹೇಳುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಮದ್ದು. ಈಗಲೂ ನಾವು ಹುಲ್ಲಿಗೆ ಹೊಡೆಯುವುದನ್ನು ಮದ್ದು ಎಂದೇ ಕರೆಯುತ್ತೇವೆ.

ಇನ್ನೊಂದು ವಿಷಯ. ನಮ್ಮ ಹಿತ್ತಲಿನ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ, ಚಗಳಿ, ಈ ಟೀ ಸೊಳ್ಳೆಯ ಜಾತಿಯ ಶತ್ರು. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ವಿಜ್ಞಾನಿಗಳು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಚಗಳಿ ಚೆನ್ನಾಗಿರುವ ಮರದಲ್ಲಿ ಆ ಕೀಟದ ಹಾವಳಿ ಕಡಿಮೆ. ಕೀಟನಾಶಕ ಬಿದ್ದರೆ ಮೊದಲು ಸಾಯುವುದು ಇಂಥ ಕಾವಲುಗಾರರೇ. ನಾವು ಸಂಬಳವಿಲ್ಲದೆ ದುಡಿಯುತ್ತಿದ್ದ ಕಾವಲುಗಾರನನ್ನು ಕೊಂದು, ಹೆಲಿಕಾಪ್ಟರಿಗೆ ಬಾಡಿಗೆ ಕೊಟ್ಟೆವು.

ಅದೇ ಕಾಲ, ಇನ್ನೊಂದು ಗುಡ್ಡ

ಹೆಲಿಕಾಪ್ಟರ್ ಬಂದ ಹೆಚ್ಚುಕಡಿಮೆ ಅದೇ ಹೊತ್ತಿಗೆ, 1977ರಲ್ಲಿ, ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಇನ್ನೊಂದು ಕೆಲಸ ಶುರುವಾಯಿತು. ನೀಲೇಶ್ವರದ ಅಬ್ದುಲ್ ಕರೀಂ ಎಂಬವರು ಪರಪ್ಪದ ಹತ್ತಿರದ ಪುಲಿಯಂಕುಳದಲ್ಲಿ 5 ಎಕರೆ ಬೋಳು ಪಾರೆ ಕೊಂಡುಕೊಂಡರು. ಅವರು ಕೃಷಿಕರಲ್ಲ. ಜನರನ್ನು ಗಲ್ಫಿಗೆ ಕಳಿಸುವ ಟ್ರಾವೆಲ್ ವ್ಯವಹಾರದವರು. ನಮ್ಮಂತೆ ಬ್ಯಾರಿ ಮಾತಿನವರಲ್ಲ, ಮಲಯಾಳಂ ಮಾತಿನ ಮಾಪಿಳ್ಳೆಯವರು. ಆದರೆ ನಮ್ಮ ಹಾಗೆಯೇ ವ್ಯಾಪಾರದ ಲೆಕ್ಕ ಗೊತ್ತಿದ್ದವರು.

ಆ ಜಾಗದಲ್ಲಿ ಇದ್ದದ್ದು ನೀರಿಲ್ಲದ ಒಂದು ಬಾವಿ. ಕರೀಂ ಸಾಹೇಬರು ಕಲ್ಲಿನ ಸಂದುಗಳಲ್ಲಿ ಕಾಡುಮರದ ಸಸಿ ನೆಟ್ಟರು. ಸತ್ತವು. ಮತ್ತೆ ನೆಟ್ಟರು. ದೂರದಿಂದ ದ್ವಿಚಕ್ರ ವಾಹನದಲ್ಲಿ ಕ್ಯಾನುಗಳಲ್ಲಿ ನೀರು ಹೊತ್ತು ತಂದು ಎರೆದರು. ಊರಿನವರು ತಲೆ ಸರಿಯಿಲ್ಲ ಎಂದರು. ಕೈಯಲ್ಲಿ ದುಡ್ಡಿದ್ದವನು ಪೇಟೆಯಲ್ಲಿ ಕಟ್ಟಡ ಕಟ್ಟುವುದು ಬಿಟ್ಟು ಕಲ್ಲಿಗೆ ನೀರು ಹೊಯ್ಯುತ್ತಾನೆಂದರೆ ಇವತ್ತಾದರೂ ನಾವು ಹಾಗೆಯೇ ಹೇಳುತ್ತೇವೆ.

ಕೆಲವು ವರ್ಷಗಳಲ್ಲಿ ಸಸಿಗಳು ಕಚ್ಚಿಕೊಂಡವು. ನೆರಳು ಬಂತು. ನೆರಳಿಗೆ ಹಕ್ಕಿ ಬಂತು. ಹಕ್ಕಿ ಹಿಕ್ಕೆಯಲ್ಲಿ ಬೇರೆ ಮರಗಳ ಬೀಜ ತಂದಿತು. ಅಲ್ಲಿಂದ ಮುಂದೆ ನೆಡುವ ಕೆಲಸದ ಹೆಚ್ಚಿನ ಪಾಲು ಹಕ್ಕಿಗಳದ್ದೇ. ಬತ್ತಿದ ಬಾವಿಯಲ್ಲಿ ನೀರು ಏರಿತು. ಅಕ್ಕಪಕ್ಕದ ಬಾವಿಗಳಲ್ಲೂ ಏರಿತು. ನಕ್ಕಿದ್ದ ಜನ ಈಗ ನೋಡಲು ಬಂದರು. ಕರೀಂ ಸಾಹೇಬರು ಸುತ್ತಲಿನ ಜಾಗವನ್ನೂ ಕೊಂಡು ಕಾಡನ್ನು 32 ಎಕರೆಗೆ ಬೆಳೆಸಿದರು. ಅದರೊಳಗೇ ಮನೆ ಮಾಡಿದರು. ಇವತ್ತು ಅದು ಕರೀಂ ಕಾಡು ಎಂದೇ ಹೆಸರಾಗಿದೆ.

ಅವರ ನಿಯಮ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೊಂಬೆ ಕಡಿಯುವುದಿಲ್ಲ. ಕಳೆ ಕೀಳುವುದಿಲ್ಲ. ಬಿದ್ದ ಎಲೆ ಗುಡಿಸುವುದಿಲ್ಲ. ನೆಟ್ಟದ್ದಕ್ಕಿಂತ ಬಿಟ್ಟದ್ದೇ ದೊಡ್ಡ ಕೆಲಸ. ಎಲೆ ಕೊಳೆತು ಮಣ್ಣಾಯಿತು, ಮಣ್ಣು ಮಳೆಯನ್ನು ಹಿಡಿದು ನಿಲ್ಲಿಸಿತು, ಬೇರು ಅದನ್ನು ಕಲ್ಲಿನೊಳಗೆ ಇಳಿಸಿತು.

ಒಂದೇ ಜಿಲ್ಲೆ, ಒಂದೇ ಕಾಲ, ಒಂದೇ ಮುರಕಲ್ಲು. ಒಂದು ಕಡೆ ಮೇಲಿಂದ ಹೆಲಿಕಾಪ್ಟರ್, ಇನ್ನೊಂದು ಕಡೆ ಕೆಳಗೆ ಕ್ಯಾನು ಹೊತ್ತ ಒಬ್ಬ ಮನುಷ್ಯ. ಒಂದಕ್ಕೆ ಸರ್ಕಾರ, ಕಂಪನಿ, ತಜ್ಞರು ಎಲ್ಲರೂ ಬೆನ್ನಿಗಿದ್ದರು. ಇನ್ನೊಂದಕ್ಕೆ ಊರಿನವರ ನಗು ಮಾತ್ರ. ಫಲ ಏನಾಯಿತೆಂದು ಇವತ್ತು ಯಾರೂ ಹೋಗಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪಾರೆಯೆಲ್ಲ ಬಂಜರು, ಕಂಡಲ್ಲೆಲ್ಲ ಮರ ನೆಡಬೇಕು ಎಂದು ಇದರ ಅರ್ಥವಲ್ಲ. ನಮ್ಮ ಪದವುಗಳಲ್ಲಿ ಮಳೆಗಾಲಕ್ಕೆ ಸಣ್ಣ ಕೊಳಗಳಾಗುತ್ತವೆ, ಕಪ್ಪೆ ಮೊಟ್ಟೆಯಿಡುತ್ತದೆ, ನೆಲದ ತುಂಬ ನೀಲಿ, ಬಿಳಿ ಹೂ ಅರಳುತ್ತದೆ, ಟಿಟ್ಟಿಭ ಬಯಲಿನಲ್ಲೇ ಗೂಡು ಮಾಡುತ್ತದೆ. ಆ ಜಾಗಕ್ಕೆ ಮರ ಬೇಡ, ಜೆಸಿಬಿ ಬಾರದಿದ್ದರೆ ಸಾಕು. ಮರ, ಎಲೆ, ನೆರಳು ಬೇಕಾದದ್ದು ನಾವು ಈಗಾಗಲೇ ಬೋಳು ಮಾಡಿದ ಜಾಗಕ್ಕೆ, ನಮ್ಮ ಮನೆಯಂಗಳಕ್ಕೆ, ಶಾಲೆ, ಮದ್ರಸ, ಪಳ್ಳಿಯ ಸುತ್ತಿಗೆ.

ಪಳ್ಳಿಕ್ಕಾಡು ಎಂಬ ಮಾತು

ನಮ್ಮ ಹಿಂದೂ ನೆರೆಯವರಿಗೆ ನಾಗಬನ ಇದೆ. ಚಂದ್ರಗಿರಿಯ ಆಚೆ ಅದಕ್ಕೆ ಕಾವು ಎನ್ನುತ್ತಾರೆ. ಕೊಡಲಿ ತಾಗಿಸಬಾರದೆಂಬ ನಂಬಿಕೆಯಿಂದ ಅಲ್ಲಿ ಹಳೆಯ ಮರಗಳು ಉಳಿದವು. ಅವುಗಳ ಕೆಳಗಿನ ಬಾವಿ, ಕೆರೆಗಳೂ ಉಳಿದವು. ನಮ್ಮಲ್ಲಿ ಅಂಥದ್ದಿಲ್ಲ ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಮಲಯಾಳಂನಲ್ಲಿ ಖಬರ್‌ಸ್ಥಾನಕ್ಕೆ ಇರುವ ಹಳೆಯ ಮಾತೇ ಪಳ್ಳಿಕ್ಕಾಡ್. ಪಳ್ಳಿಯ ಕಾಡು. ನಮ್ಮ ಹಿರಿಯರು ಮಯ್ಯಿತ್ತನ್ನು ಮಲಗಿಸಿದ ಜಾಗವನ್ನು ಅಂಗಳ ಎನ್ನಲಿಲ್ಲ, ಬಯಲು ಎನ್ನಲಿಲ್ಲ, ಕಾಡು ಎಂದರು.

ನಮ್ಮ ಪಳ್ಳಿಕ್ಕಾಡಿನಲ್ಲಿ ಏನಿದೆ ಎಂದು ಆ ಸಭೆಯ ಮರುದಿನ ಸುಬ್ಹಿಯ ನಂತರ ಹೋಗಿ ನೋಡಿದೆ. ಮೀಸಾನ್ ಕಲ್ಲುಗಳ ಬದಿಯಲ್ಲಿ ಮೈಲಾಂಜಿ. ಎರಡು ದೊಡ್ಡ ಕಾಡುಮಾವು, ಒಂದು ಹಲಸು, ಒಂದು ಹಾಳೆ ಮರ. ಮೂಲೆಯಲ್ಲಿ ಕಾಸರಕದ ಮರ. ಕಾಸರಕದ ಮರಗಳು ಹೆಚ್ಚಿದ್ದುದರಿಂದಲೇ ಕಾಸರಗೋಡು ಎಂಬ ಹೆಸರು ಬಂತು ಎನ್ನುವವರಿದ್ದಾರೆ. ಪಿಕಳಾರ, ಕುಟುರ, ಕೆಂಬೂತ. ಗೋಡೆಯ ಮೇಲೆ ಮುಂಗುಸಿ. ಮಾವಿನಲ್ಲಿ ಚಗಳಿಯ ಗೂಡು ನಾಲ್ಕು. ನಮ್ಮ ಊರಿನಲ್ಲಿ ಎಲ್ಲ ಮನೆಯಂಗಳಕ್ಕೂ ಕಲ್ಲು ಬಿದ್ದ ಮೇಲೆ ಇವಕ್ಕೆಲ್ಲ ಉಳಿದಿದ್ದ ವಿಳಾಸ ಇದೊಂದೇ.

ಒಬ್ಬ ಮುಸ್ಲಿಮನು ನೆಟ್ಟ ಮರದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಖ ಎಂಬ ಅರ್ಥದ ಹದೀಸನ್ನು ಮದ್ರಸದಲ್ಲಿ ನಾವೆಲ್ಲ ಕಲಿತಿದ್ದೇವೆ. ಹೊಳೆಯ ದಡದಲ್ಲಿ ಕೂತರೂ ವುಳೂಗೆ ನೀರು ದುಂದು ಮಾಡಬಾರದು ಎಂಬುದನ್ನೂ ಕಲಿತಿದ್ದೇವೆ. ಕಲಿತದ್ದಕ್ಕೆ ಜಾಗ ಬೇಕಲ್ಲ.

ಲೆಕ್ಕ

ಮುಂದಿನ ಕಮಿಟಿ ಸಭೆಗೆ ನಾನು ಭಾಷಣ ಒಯ್ಯಲಿಲ್ಲ. ಲೆಕ್ಕ ಒಯ್ದೆ. ನಮ್ಮ ಪಳ್ಳಿಕ್ಕಾಡು ಸುಮಾರು 60 ಸೆಂಟು, ಅಂದರೆ ಸುಮಾರು 2400 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಮೂರೂವರೆ ಮೀಟರ್ ಮಳೆ. ಗುಣಿಸಿದರೆ ಸುಮಾರು 84 ಲಕ್ಷ ಲೀಟರ್. 5000 ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ ಸುಮಾರು 1700 ಟ್ಯಾಂಕರ್. ಎಲ್ಲವೂ ನೆಲಕ್ಕಿಳಿಯುವುದಿಲ್ಲ. ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಮರ ಕುಡಿಯುತ್ತದೆ, ಸ್ವಲ್ಪ ಹರಿದು ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದರೂ 170 ಟ್ಯಾಂಕರ್. ಪಳ್ಳಿಯ ಬಾವಿ ಅಲ್ಲಿಂದ ಮೂವತ್ತು ಹೆಜ್ಜೆ, ಇಳಿಜಾರಿನ ಕೆಳಗೆ. ಆ ಬೇಸಿಗೆಯಲ್ಲಿ ವುಳೂವಿನ ಹೌಳಿಗೆ ನಾವು ದುಡ್ಡು ಕೊಟ್ಟು ತರಿಸಿದ ಟ್ಯಾಂಕರಿನ ರಶೀದಿಗಳನ್ನು ಖಜಾಂಚಿಯವರೇ ತೆಗೆದು ಮೇಜಿನ ಮೇಲಿಟ್ಟರು.

ಈಗಿನ ಮಳೆಯ ಸ್ವಭಾವವೂ ಮೊದಲಿನಂತಿಲ್ಲ. ಹತ್ತು ದಿನ ಒಣಗಿಸಿ ಒಂದೇ ರಾತ್ರಿಯಲ್ಲಿ ಸುರಿಯುತ್ತದೆ. ಹಾಗೆ ಸುರಿಯುವಾಗ ಎಲೆಯ ಹಾಸು ಇದ್ದ ನೆಲ ಸ್ಪಂಜಿನಂತೆ ಹಿಡಿಯುತ್ತದೆ. ಇಂಟರ್‌ಲಾಕ್ ಹಾಕಿದ ನೆಲ ರಸ್ತೆಗೆ ದೂಡುತ್ತದೆ. ಬೇಸಿಗೆಯಲ್ಲಿ ಅದೇ ಕಲ್ಲು ಇಶಾದವರೆಗೂ ಬಿಸಿ ಕಕ್ಕುತ್ತದೆ.

ಹಾವಿನ ಮಾತು ಸುಳ್ಳಲ್ಲ. ಝಿಯಾರತ್‌ಗೆ ಬರುವ ವೃದ್ಧರಿಗೆ ದಾರಿ ಬೇಕೆಂಬುದೂ ನ್ಯಾಯವೇ. ಹಾಗಾಗಿ ಕೊನೆಗೆ ನಡುವಿನ ದಾರಿ ಎಂದೇ ತೀರ್ಮಾನವಾಯಿತು. ಗೇಟಿನಿಂದ ಒಳಗೆ ನಾಲ್ಕು ಅಡಿ ಅಗಲದ ಕಾಲುದಾರಿ. ಅದಕ್ಕೆ ಸಿಮೆಂಟ್ ಇಲ್ಲದೆ ಬಿಡಿ ಬಿಡಿಯಾಗಿ ಇಟ್ಟ ಮುರಕಲ್ಲು. ದಾರಿಯ ಎರಡೂ ಬದಿ, ಹೊಸ ಖಬರಿನ ಸುತ್ತ ಹುಲ್ಲನ್ನು ಕೈಯಿಂದ ಕತ್ತರಿಸುವುದು, ಬರಾಅತಿಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಉಳಿದ ಜಾಗದ ಎಲೆ ಗುಡಿಸುವುದಿಲ್ಲ, ಬೆಂಕಿ ಹಾಕುವುದಿಲ್ಲ, ಮದ್ದು ಹೊಡೆಯುವುದಿಲ್ಲ. ಪಳ್ಳಿಯ ಮಾಡಿನ ನೀರನ್ನು ಪೈಪಿನಲ್ಲಿ ತಂದು ಬಾವಿಯ ಮೇಲ್ಬದಿಯ ಇಂಗುಗುಂಡಿಗೆ ಬಿಡುವುದು. ಆ ಪೈಪಿನ ಕೆಲಸ ನನ್ನ ತಲೆಗೇ ಬಂತು, ಮಾಡಿಕೊಟ್ಟೆ. ಇಂಟರ್‌ಲಾಕಿಗೆ ಬಂದ ಹಣದಲ್ಲಿ ಮದ್ರಸದ ಶೌಚಾಲಯ ರಿಪೇರಿಯಾಯಿತು.

ಬಾವಿ ತುಂಬಿ ತುಳುಕಿತು ಎಂದು ಕತೆ ಹೇಳಲಾರೆ. ಎರಡು ಮಳೆಗಾಲ ಕಳೆದಿದೆಯಷ್ಟೆ. ಕರೀಂ ಸಾಹೇಬರಿಗೆ ಹಿಡಿದ ಕಾಲ ನಮಗೂ ಹಿಡಿಯುತ್ತದೆ. ಮೊನ್ನೆ ಜುಮಾ ಮುಗಿಸಿ ಬರುವಾಗ ಆ ಹಾಜಿಯವರು ಕಾಲುದಾರಿಯ ಬದಿಯಲ್ಲಿ ಬಗ್ಗಿ, ಕೋಲಿನ ತುದಿಯಿಂದ ಎಲೆಯ ಹಾಸನ್ನು ಸ್ವಲ್ಪ ಸರಿಸಿ ನನಗೆ ತೋರಿಸಿದರು. ಕೆಳಗೆ ಕಪ್ಪು ಮಣ್ಣು, ತೇವ, ಒಂದು ಎರೆಹುಳ. ತೋರಿಸಿ ಎಲೆಯನ್ನು ಹಾಗೆಯೇ ಮುಚ್ಚಿದರು.

ನಿಮ್ಮ ಊರಿನ ಪಳ್ಳಿಕ್ಕಾಡಿಗೂ ಇಂಥದೇ ಒಂದು ಪ್ರಸ್ತಾಪ ಬರಬಹುದು, ಅಥವಾ ಬಂದಾಗಿರಬಹುದು. ಸಭೆಯಲ್ಲಿ ಕೈ ಎತ್ತುವ ಮೊದಲು ಮಳೆ ನೀರು ಎಲ್ಲಿಗೆ ಹೋಗುತ್ತದೆ, ಹುಲ್ಲಿಗೆ ಹೊಡೆದದ್ದು ಯಾವ ಬಾವಿಗೆ ಇಳಿಯುತ್ತದೆ ಎಂದು ಒಮ್ಮೆ ಕೇಳಿ. ಈ ಜಿಲ್ಲೆಯಲ್ಲಿ ಆ ಪ್ರಶ್ನೆಯನ್ನು ಇಪ್ಪತ್ತು ವರ್ಷ ತಡವಾಗಿ ಕೇಳಿದ್ದರ ಬೆಲೆಯನ್ನು ಮಕ್ಕಳು ಈಗಲೂ ತೆರುತ್ತಿದ್ದಾರೆ.